ಶಾಲೆಯ ಹಿತ್ತಲಲ್ಲೊಂದು ಅರಮನೆ

ಬಾಳೀವೇಸ್, ಸೊಲ್ಲಾಪುರ
24 ಜೂನ್ 2024

ಬನ್ನಿ, ಬನ್ನಿ, ಬನ್ನಿ! ಬೇವಿನ ಮರದ ಕೆಳಗೆ ನೆರೆದಿರುವ ಮಹಾಸಭೆಯೇ! ಮುಂದಿನ ಸಾಲಿನಲ್ಲಿ ತೋಳಿನಿಂದ ಮೂಗು ಒರೆಸಿಕೊಳ್ಳುತ್ತಿರುವ ದೊರೆಗಳೇ! ಹಿಂದಿನ ಸಾಲಿನಲ್ಲಿ ಒಬ್ಬರ ಜಡೆಯನ್ನೊಬ್ಬರು ಬಿಗಿಯುತ್ತಿರುವ ರಾಜಕುಮಾರಿಯರೇ! ತಡವಾಗಿ ಬಂದು ಗೋಡೆಗೆ ಅಂಟಿ ನಿಂತ ವೀರರೇ, ನೀವೂ ಕುಳಿತುಕೊಳ್ಳಿ! ಓದುತ್ತಿರುವವರು ನಿಮ್ಮ ಶಿಕ್ಷಕಿ ಉಜ್ವಲಾಬಾಯಿ. ಆದರೆ ಕಣ್ಣು ಮುಚ್ಚಿ ಕೇಳಿದರೆ ಧ್ವನಿ ನನ್ನದೇ. ನಾನು ಮಲಕಾಜಪ್ಪ. ಆಯುಷ್ಯದ ಬಹುಭಾಗ ನಾಟಕ ಕಂಪನಿಯಲ್ಲಿ ರಾಜನಾಗಿದ್ದೆ. ಈಗ ಅಣ್ಣನ ಮಗ ಯೋಗಿರಾಜನ ಚಾದರ ಅಂಗಡಿಯ ಗಾದಿಯೇ ನನ್ನ ಸಿಂಹಾಸನ.

ಕೇಳಿ! ನಿಮ್ಮ ಉಗುರುಗಳ ಕೆಳಗೆ ಒಂದು ಕಪ್ಪು ರಾಜ್ಯವಿದೆ. ಅಲ್ಲಿ ಕೊಳಕಾಸುರನೆಂಬ ದೈತ್ಯ ಮಲಗಿದ್ದಾನೆ. ನೀವು ಕೈ ತೊಳೆಯದೆ ರೊಟ್ಟಿ ಮುರಿದಾಗ ಅವನು ಏಳುತ್ತಾನೆ, ಆಕಳಿಸುತ್ತಾನೆ, ತುತ್ತಿನ ಮೇಲೆ ಕುಳಿತು ಹೊಟ್ಟೆಯೆಂಬ ನಗರಕ್ಕೆ ದಾಳಿ ಇಡುತ್ತಾನೆ. ಆಗ ಬೆಳದಿಂಗಳ ತೋಟದಿಂದ ಇಳಿದು ಬರುತ್ತಾಳೆ ರಾಣಿ ಶುಭ್ರಾವತಿ! ಎಡಗೈಯಲ್ಲಿ ತಂಬಿಗೆ, ಬಲಗೈಯಲ್ಲಿ ಸಾಬೂನು! ಮುಂದೇನಾಯಿತು? ಜೊತೆಗಿರುವ ನಾಟಕದ ಹಾಳೆಗಳಲ್ಲಿದೆ.

ಉಜ್ವಲಾ, ಇನ್ನು ಮುಂದಿನದನ್ನು ಮನಸ್ಸಿನಲ್ಲೇ ಓದಿಕೋ. ಫೋನಿನಲ್ಲಿ ಯಾರು ಏನು ಹೇಳಿದರೂ ನನ್ನ ಮಂದ ಕಿವಿಗೆ ಜೇನುನೊಣದ ಹಾಡು. ನೀನು ಬರೆದು ಕೇಳಿದ್ದು ಒಳ್ಳೆಯದಾಯಿತು. ನಿನ್ನ ಅಪ್ಪ ಅಮೃತಪ್ಪನ ಹಾರ್ಮೋನಿಯಂ ಪೇಟಿಯ ಸ್ವರವಿಲ್ಲದೆ ನಾನು ರಂಗಕ್ಕೆ ಕಾಲಿಟ್ಟವನಲ್ಲ. ಅವನ ಮಗಳಿಗೆ ಇಲ್ಲವೆನ್ನಲೇ? ಕೈ ತೊಳೆಯುವುದರ ಮೇಲೆ ನಾಟಕ ಕೇಳಿದ್ದೀ, ಕೊಟ್ಟೆ. ಆದರೆ ನಿನ್ನ ಪತ್ರದ ಕೊನೆಯಲ್ಲಿ, ‘ಏಳನೆಯ ತರಗತಿಯ ಹುಡುಗಿಯರು ಮಧ್ಯಾಹ್ನ ಮನೆಗೆ ಹೋದವರು ಮರಳಿ ಬರುತ್ತಿಲ್ಲ, ಹೀಗಾದರೆ ಶಾಲೆಯನ್ನೇ ಬಿಡುತ್ತಾರೆ’ ಎಂದು ಬರೆದು ಅದರ ಮೇಲೆ ಗೀಟು ಎಳೆದಿದ್ದೀ. ಯಾಕೆ ಎಳೆದೆ? ಪ್ರೇಕ್ಷಕರು ನಡುವೆ ಎದ್ದು ಹೋದರೆ ಆಟ ಸಪ್ಪೆ ಎಂದರ್ಥ. ಮಧ್ಯಾಹ್ನ ತಾಲೀಮು ಇಡು. ಹುಡುಗಿಯರಿಗೆ ದೊಡ್ಡ ಪಾತ್ರ ಕೊಡು. ಓಡಿ ಬರದಿದ್ದರೆ ನನ್ನ ಮೀಸೆ ಬೋಳಿಸು.

ಮಲಕಾಜಪ್ಪ ಕಾಕಾ


ಅಕ್ಕಲಕೋಟ
2 ಜುಲೈ 2024

ಕಾಕಾ ಅವರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ಪ್ರಾರ್ಥನೆಯ ನಂತರ ಓದಿದೆ. ನಮ್ಮ ಮಕ್ಕಳಿಗೆ ಕನ್ನಡ ಓದುವುದಕ್ಕಿಂತ ಕೇಳುವುದು ಸುಲಭ. ಎಲ್ಲರೂ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಒಬ್ಬಳು ಎದ್ದಳು.

“ಬಾಯೀ, ಈ ಅಜ್ಜಾ ಖರೇನ ರಾಜಾ ಇದ್ದನೇನ್ರಿ?”

“ಹೂಂ, ನಾಟಕದಾಗ.”

“ಮತ್ತ ರಾಜಾ ಚಾದರ ಯಾಕ ಮಾರತಾನ್ರಿ?”

ಅದಕ್ಕೆ ಉತ್ತರವನ್ನು ನೀವೇ ಬರೆಯಿರಿ.

ಕೊಳಕಾಸುರನ ಪಾತ್ರ ಅತುಲನಿಗೆ. “ನನಗ ವೇಷ ಬ್ಯಾಡ್ರಿ, ಉಗುರ ತಯಾರ ಅದಾವ” ಎಂದು ಎರಡೂ ಕೈ ಚಾಚಿದ. ರಾಣಿ ಶುಭ್ರಾವತಿಯಾಗಿ ಏಳನೆಯ ತರಗತಿಯ ಪ್ರಣಿತಾಳನ್ನು ಆರಿಸಿದ್ದೇನೆ. ಅಜ್ಜಿ ಕಮಳಾಬಾಯಿಯ ಮನೆಯಲ್ಲಿದ್ದು ಓದುವ ಹುಡುಗಿ. ಎಲ್ಲರಿಗಿಂತ ಮುಂಚೆ ಪಾಠ ಬಾಯಿಗೆ ಬರುತ್ತದೆ. ಆದರೆ ಧ್ವನಿ ಒಣಗಿರುತ್ತದೆ. ಬಾಟಲಿ ತುಂಬ ನೀರು ತರುತ್ತಾಳೆ, ತುಂಬಿದ ಬಾಟಲಿಯನ್ನೇ ಮನೆಗೆ ಒಯ್ಯುತ್ತಾಳೆ. ಬೇರೆ ದೊಡ್ಡ ಹುಡುಗಿಯರೂ ಹಾಗೆಯೇ. ಅದಕ್ಕೆ ಕಾರಣವಿದೆ. ಇಲ್ಲಿ ಬರೆಯಲಾರೆ.

ಮಧ್ಯಾಹ್ನದ ತಾಲೀಮಿಗೆ ಹುಡುಗರು ಬಂದರು. ಹುಡುಗಿಯರು ಬರಲಿಲ್ಲ. ನಿಮ್ಮ ಮೀಸೆಯನ್ನು ಸದ್ಯಕ್ಕೆ ಬಿಟ್ಟಿದ್ದೇನೆ.

ಉಜ್ವಲಾ


ಸೊಲ್ಲಾಪುರ
6 ಜುಲೈ 2024

ಮಹಾಸಭೆಯೇ! ರಾಜ ಚಾದರ ಯಾಕೆ ಮಾರುತ್ತಾನೆ ಎಂದು ಕೇಳಿದ ರಾಜಕುಮಾರಿ ಯಾರು? ನಿಲ್ಲಲಿ ಎದ್ದು! ಮಗಳೇ, ಆಟ ಮುಗಿದ ಮೇಲೆ ರಾಜನಿಗೂ ಚಳಿಯಾಗುತ್ತದೆ. ಅದಕ್ಕೇ.

ಈಗ ರಾಣಿ ಶುಭ್ರಾವತಿಗೆ ಒಂದು ಮಾತು. ಧ್ವನಿ ಎಂದರೆ ಮೀನು. ಗಂಟಲೆಂಬ ಕೆರೆಯಲ್ಲಿ ನೀರಿದ್ದರೆ ಹೊಳೆಯುತ್ತದೆ, ಹೊರಳುತ್ತದೆ, ಹಿಂದಿನ ಸಾಲಿನವರೆಗೆ ಜಿಗಿಯುತ್ತದೆ. ಒಣಗಿದ ಕೆರೆಯಲ್ಲಿ ಮೀನು ಬದುಕೀತೇ? ಕುಡಿ ತಾಯಿ, ಕುಡಿ! ತಾಲೀಮಿಗೆ ಮುಂಚೆ ಆ ಬಾಟಲಿ ಬರಿದಾಗಬೇಕು. ಇದು ರಾಜಾಜ್ಞೆ!

ಉಜ್ವಲಾ, ನಿನಗೆ ಮಾತ್ರ: ತಾಲೀಮಿಗೆ ಯಾಕೆ ಬರುತ್ತಿಲ್ಲವೆಂದು ನನಗೆ ತಿಳಿಯಿತು. ಬರಿಯ ಗೋಡೆಯ ಮುಂದೆ ನಿಂತು ಯಾವ ಹುಡುಗಿ ರಾಣಿಯಾದಾಳು? ಅದಕ್ಕೇ ಅರಮನೆಯನ್ನೇ ಕಳಿಸುತ್ತಿದ್ದೇನೆ. ಕಂಪನಿ ಮುಚ್ಚಿದಾಗ ನಾನು ಬೇಡಿ ತಂದದ್ದು ಇದೊಂದೇ ಪರದೆ. ನಡುವೆ ಕಮಾನು, ಕಮಾನಿನಾಚೆ ನೀಲಿ ತೋಟ, ತೋಟದಾಚೆ ಕೊಳ, ಕೊಳದಲ್ಲಿ ಚಂದ್ರ. ಕಮಾನು ನಡುವೆ ಸೀಳಿದೆ. ಅಲ್ಲಿಂದಲೇ ನನ್ನ ಹೆಂಡತಿ ನಂದಾ ರಾಣಿಯಾಗಿ ಹೊರಗೆ ಬರುತ್ತಿದ್ದಳು. ಅವಳು ತೀರಿಹೋದ ಮೇಲೂ ಕೆಲವು ಮಧ್ಯಾಹ್ನ ಅದನ್ನು ಬಿಚ್ಚಿ ಎದುರು ಕೂರುತ್ತೇನೆ. ಗಾಳಿ ಬಂದರೆ ತೋಟ ಉಸಿರಾಡುತ್ತದೆ.

ಅದನ್ನು ಬಸ್ಸಿಗೆ ಹಾಕಲು ಹಸುಗೂಸನ್ನು ಸುತ್ತುವಂತೆ ಮೆತ್ತಗೆ ಸುತ್ತಿದೆ. ಯೋಗಿರಾಜ ಗೊಣಗಿದ: “ಕಾಕಾ, ಆ ಹಳೇ ಅರಿವಿಗಿ ಇಷ್ಟ ಥಾಟ ಯಾಕ?” ನಾನು ಗರ್ಜಿಸಿದೆ. ಇಬ್ಬರು ಗಿರಾಕಿಗಳು ಎದ್ದು ಹೋದರು.

ಪರದೆಯ ನಿಯಮ ನಿನಗೆ ಗೊತ್ತೇ ಇದೆ, ಮಕ್ಕಳಿಗೂ ಕಲಿಸು. ಕಟ್ಟುವ ಮುಂಚೆ ಕುಂಕುಮ, ಕಾಯಿ, ಕರ್ಪೂರ. ಕಾಲು ತಾಗಿಸುವಂತಿಲ್ಲ. ಚಪ್ಪಲಿ ಮೆಟ್ಟಿ ದಾಟುವಂತಿಲ್ಲ.

ಮಲಕಾಜಪ್ಪ


ಅಕ್ಕಲಕೋಟ
18 ಜುಲೈ 2024

ಕಾಕಾ,

ತಡವಾಗಿ ಬರೆಯುತ್ತಿದ್ದೇನೆ.

ನಿಮ್ಮ ಆಜ್ಞೆಯಂತೆ ಪ್ರಣಿತಾ ಬಾಟಲಿಯ ನೀರನ್ನೆಲ್ಲ ಕುಡಿದಳು. ಆ ದಿನ ಧ್ವನಿ ನಿಜಕ್ಕೂ ಚೆನ್ನಾಗಿತ್ತು. ಎರಡನೆಯ ದೃಶ್ಯದಲ್ಲಿ ಮಾತಿನ ನಡುವೆ ನಿಂತಳು, ಪಾಟೀಚೀಲ ಎತ್ತಿಕೊಂಡು ಹೊರಗೆ ಓಡಿದಳು. ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ. ಮನೆಗೆ ಹೋದೆ. ಕಮಳಾಬಾಯಿ ಬಾಗಿಲಲ್ಲೇ ನಿಂತು ಮಾತಾಡಿದಳು.

“ಬಾಯೀ, ನೀವೂ ಹೆಣಮಗಳ ಅದೀರಿ. ನಿಮಗ ನಾ ಏನ ಬಿಡಿಸಿ ಹೇಳ್ಲಿ? ಹುಡುಗಿ ದೊಡ್ಡಾಕಿ ಆಗ್ಯಾಳ. ಸಾಲಿ ಸಾಕು.”

ನಾನು ಶಾಲೆಗೆ ಮರಳಿದೆ.

ಬಸ್ ನಿಲ್ದಾಣದಲ್ಲೇ ಉಳಿದಿದ್ದ ನಿಮ್ಮ ಪರದೆ ಅದೇ ಸಂಜೆ ಕೈಗೆ ಬಂತು. ಮರುದಿನ ಕಾಯಿ ಒಡೆದು, ಕರ್ಪೂರ ಬೆಳಗಿ ಕಟ್ಟಿದೆವು. ನಿಯಮಗಳನ್ನೂ ಹೇಳಿದೆ. ಕಟ್ಟಿದಂದಿನಿಂದ ದೊಡ್ಡ ಹುಡುಗಿಯರು ಸಂಜೆಯ ಗಂಟೆಯವರೆಗೂ ಶಾಲೆಯಲ್ಲಿದ್ದಾರೆ. ನಿನ್ನೆ ಪ್ರಣಿತಾಳೂ ಬಂದಳು.

ನಿಮ್ಮ ಉಪಕಾರ ದೊಡ್ಡದು. ಹೆಚ್ಚು ಬರೆಯಲಾರೆ.

ಉಜ್ವಲಾ


ಸೊಲ್ಲಾಪುರ
22 ಜುಲೈ 2024

ಜಯವಾಗಲಿ! ಜಯವಾಗಲಿ! ಮಹಾಸಭೆಗೆ ಜಯವಾಗಲಿ!

ಅಂಗಡಿಯಲ್ಲಿ ಎದ್ದು ನಿಂತು ನಿನ್ನ ಪತ್ರ ಓದಿದೆ ಉಜ್ವಲಾ. ನಾನು ಮೆಲ್ಲಗೇ ಓದಿದ್ದು. ಆದರೆ ಬೀದಿಯಾಚೆಯ ಶೇಂಗಾ ಚಟ್ನಿಯ ದುಕಾನದವನು ಓಡಿ ಬಂದು, “ಯಾರಿಗಿ ಏನಾತ್ರಿ?” ಎಂದು ಕೇಳಿದ. “ರಂಗಭೂಮಿ ಗೆದ್ದಿತು!” ಎಂದೆ. ಅವನು ಯೋಗಿರಾಜನ ಮುಖ ನೋಡಿದ. ಯೋಗಿರಾಜ ಛಾವಣಿ ನೋಡಿದ.

ಆ ಮಧ್ಯಾಹ್ನ ಗಾದಿಯ ಮೇಲೆ ಕಣ್ಣು ಕೂಡಿತು. ಚಾದರದ ಗಂಟುಗಳೆಲ್ಲ ಗುಡ್ಡಗಳಾದವು. ಅವುಗಳ ನಡುವೆ ನಮ್ಮ ಪರದೆ ತಾನೇ ತಾನಾಗಿ ಏಳುತ್ತಿತ್ತು. ಎಲ್ಲೋ ಅಮೃತಪ್ಪ ಪೇಟಿಯ ತಿದಿ ಒತ್ತುತ್ತಿದ್ದ, ಒಂದೇ ಸ್ವರ, ನೀರಿನ ಮೇಲೆ ಎಲೆ ತೇಲಿದಂತೆ. ಕಮಾನಿನೊಳಗಿಂದ ಹುಡುಗಿಯರು ಒಬ್ಬೊಬ್ಬರಾಗಿ ಬಂದರು. ಕೊಳದ ಚಂದ್ರನನ್ನು ಬೊಗಸೆಯಲ್ಲಿ ಎತ್ತಿ ಮುಖ ತೊಳೆದುಕೊಂಡರು. ಚಂದ್ರ ಕಡಿಮೆಯಾಗಲೇ ಇಲ್ಲ! ಎದ್ದಾಗ ನನ್ನ ಅಂಗೈ ತಣ್ಣಗಿತ್ತು.

ಈಗ ನೀನು ಎಲ್ಲವನ್ನೂ ಬರೆಯಬೇಕು. ರಂಗವನ್ನು ಯಾವ ದಿಕ್ಕಿಗೆ ಕಟ್ಟಿದ್ದೀ? ಪರದೆಯ ಮೇಲೆ ಬೆಳಕು ಬಲದಿಂದಲೋ ಎಡದಿಂದಲೋ? ಪ್ರಣಿತಾ ಕಮಾನಿನಿಂದ ಬರುವಾಗ ಮೊದಲು ಯಾವ ಕಾಲು ಇಡುತ್ತಾಳೆ? ನಾನು ಬಂದು ನೋಡುತ್ತೇನೆ. ಮುಂದಿನ ಸಾಲಿನಲ್ಲಿ ನನಗೊಂದು ಕುರ್ಚಿ!

ನಿನ್ನ ಕಾಕಾ


ಅಕ್ಕಲಕೋಟ
30 ಜುಲೈ 2024

ಕಾಕಾ,

ನಿಮ್ಮ ಪತ್ರವನ್ನು ಮಕ್ಕಳಿಗೆ ಓದಲಿಲ್ಲ. ಮಡಚಿ ಇಟ್ಟುಕೊಂಡು ವಾರವೆಲ್ಲ ತಿರುಗಿದೆ. ಇನ್ನು ಮುಚ್ಚಿಟ್ಟರೆ ನಿಮಗೆ ಮಾಡುವ ಮೋಸ.

ಪರದೆ ರಂಗದ ಮೇಲಿಲ್ಲ. ನಮ್ಮಲ್ಲಿ ರಂಗವೇ ಇಲ್ಲ. ಅದು ಶಾಲೆಯ ಹಿಂದೆ, ಹುಡುಗಿಯರ ಸಂಡಾಸಿನ ಮುಂದೆ ತೂಗುತ್ತಿದೆ.

ಹೋದ ಬೇಸಿಗೆಯ ಗಾಳಿಗೆ ಅದರ ಬಾಗಿಲು ಕಿತ್ತು ಬಿತ್ತು. ಅರ್ಜಿ ಕೊಟ್ಟಿದ್ದೇವೆ, ಉತ್ತರ ಬಂದಿಲ್ಲ. ಎದುರಿಗೇ ಹುಡುಗರು ಕ್ರಿಕೆಟ್ ಆಡುವ ಬಯಲು. ಚಿಕ್ಕವರು ಹೇಗೋ ಹೋಗಿ ಬರುತ್ತಾರೆ. ದೊಡ್ಡ ಹುಡುಗಿಯರು ಹೋಗಲಾರರು. ಅದಕ್ಕೇ ಮುಂಜಾನೆಯಿಂದ ಹನಿ ನೀರು ಕುಡಿಯುವುದಿಲ್ಲ. ಮಧ್ಯಾಹ್ನದವರೆಗೆ ತಡೆದು ಮನೆಗೆ ಓಡುತ್ತಾರೆ, ಮನೆಯ ಕೆಲಸ ಅವರನ್ನು ಹಿಡಿದುಕೊಳ್ಳುತ್ತದೆ. ನಿಮ್ಮ ಮಾತು ಕೇಳಿ ಬಾಟಲಿ ನೀರು ಕುಡಿದ ದಿನ ಪ್ರಣಿತಾ ತಡೆಯಲಾರದೆ ಅಲ್ಲಿಗೇ ಓಡಿದಳು. ಬಯಲಿನಿಂದ ಯಾರೋ ಸೀಟಿ ಹೊಡೆದರು.

ಇದನ್ನು ಅಪ್ಪನ ಗೆಳೆಯರಿಗೆ ಹೇಗೆ ಬರೆಯಲಿ? ನಾಚಿಕೆಯಾಯಿತು. ಅದಕ್ಕೇ ಕೈ ತೊಳೆಯುವ ನಾಟಕ ಕೇಳಿದೆ. ಅದರ ಬೆನ್ನಿಗೆ ಉಳಿದ ಮಾತೂ ಹೇಗೋ ಬಂದೀತು ಎಂದುಕೊಂಡಿದ್ದೆ.

ಪರದೆಯನ್ನು ಬಿಚ್ಚಿದಾಗ ನಾನು ನೋಡಿದ್ದು ತೋಟವನ್ನಲ್ಲ, ಅದರ ಅಗಲವನ್ನು. ನೆಲ ಮುಟ್ಟುವ ದಪ್ಪ ಬಟ್ಟೆ. ಬಿಸಿಲು ಸಹ ಅದರೊಳಗೆ ಇಣುಕುವುದಿಲ್ಲ.

ನೀವು ನೋಡಬೇಕಿತ್ತು ಕಾಕಾ. ಮಧ್ಯಾಹ್ನ ಬಯಲೆಲ್ಲ ಬೆಳ್ಳಗೆ ಉರಿಯುವಾಗ ಅಲ್ಲೊಂದು ನೀಲಿ ತೋಟ ಅಲುಗುತ್ತಿರುತ್ತದೆ. ಒಬ್ಬಳು ಬೆಳದಿಂಗಳೊಳಗೆ ನಡೆದು ಮಾಯವಾಗುತ್ತಾಳೆ. ಸ್ವಲ್ಪ ಹೊತ್ತಿಗೆ ಅದೇ ಕಮಾನಿನಿಂದ ತಲೆ ಎತ್ತಿ ಬರುತ್ತಾಳೆ. ಈಗ ತರಗತಿಯಲ್ಲಿ ಯಾರೂ ಕಿರುಬೆರಳು ತೋರಿಸುವುದಿಲ್ಲ. “ಬಾಯೀ, ಅರಮನಿಗಿ ಹೋಗಿ ಬರ್ತೀನ್ರಿ” ಅನ್ನುತ್ತಾರೆ. ಅತುಲ ಒಮ್ಮೆ ಹತ್ತಿರ ಸುಳಿದು, “ಒಳಗ ಏನೈತ್ರಿ?” ಎಂದ. ಅಡುಗೆಯ ಸಾವಿತ್ರಿಬಾಯಿ ಸೌಟು ಎತ್ತಿದಳು: “ರಾಣ್ಯಾರ ಕಾರಭಾರ ಐತಿ. ನಿನಗ್ಯಾಕ ಬೇಕೋ ಅಸುರಾ? ನಡಿ ಆಚೆ!”

ಒಂದು ತೊಂದರೆ ಉಳಿದಿದೆ. ಚಪ್ಪಲಿ ಮೆಟ್ಟಿ ಪರದೆ ದಾಟಬಾರದೆಂಬ ನಿಮ್ಮ ನಿಯಮ ಅವರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಎಲ್ಲರೂ ಚಪ್ಪಲಿಯನ್ನು ಹೊರಗೆ ಸಾಲಾಗಿ ಬಿಟ್ಟು ಬರಿಗಾಲಲ್ಲಿ ಸಂಡಾಸಿಗೆ ಹೋಗುತ್ತಾರೆ. ಪ್ರಣಿತಾಳ ಕಾಲ್ಬೆರಳ ಸಂದಿಯಲ್ಲಿ ಹುಣ್ಣಾಗಿದೆ. ಎಷ್ಟು ಹೇಳಿದರೂ, “ಅಜ್ಜಾನ ಪರದಿಗಿ ಪಾಪ ಹತ್ತತೈತ್ರಿ” ಅನ್ನುತ್ತಾಳೆ. ನನ್ನ ಮಾತು ನಡೆಯುತ್ತಿಲ್ಲ. ನೀವು ಒಂದು ಸಾಲು ಬರೆದರೆ ಕೇಳುತ್ತಾರೆ.

ಉಜ್ವಲಾ


ಸೊಲ್ಲಾಪುರ
3 ಆಗಸ್ಟ್ 2024

ಉಜ್ವಲಾ,

ಪರದೆ ಇಳಿಸು. ಮಡಚಬೇಡ, ಸುತ್ತು. ಸಿಕ್ಕ ಬಸ್ಸಿಗೆ ಕಳಿಸು.

ನಂದಾ ಅದರ ಹಿಂದೆ ಕೈಮುಗಿದು ನಿಲ್ಲುತ್ತಿದ್ದಳು.

ಮಲಕಾಜಪ್ಪ


ಅಕ್ಕಲಕೋಟ
8 ಆಗಸ್ಟ್ 2024

ಕಾಕಾ ಅವರಿಗೆ,

ಪರದೆಯನ್ನು ಸುತ್ತಿ ಇಂದಿನ ಬಸ್ಸಿಗೆ ಕಳಿಸುತ್ತಿದ್ದೇನೆ. ಈ ಪತ್ರ ಅದರೊಳಗಿದೆ.

ನಿನ್ನೆ ಇಳಿಸುವಾಗ ಹುಡುಗಿಯರು ಸುತ್ತ ನಿಂತಿದ್ದರು. ಯಾರೂ ಜಗಳವಾಡಲಿಲ್ಲ. ಪ್ರಣಿತಾ ಒಬ್ಬಳೇ ಕೇಳಿದಳು: “ರಾಜಾಗ ಚಳಿ ಹತ್ತಿತೇನ್ರಿ ಬಾಯಿ?” ನಾನು ಹೌದೆಂದೆ.

ಅಲ್ಲಿ ನನ್ನ ಹಳೆಯ ಸೀರೆ ಕಟ್ಟಿದೆ. ತೆಳ್ಳಗಿದೆ. ಬಿಸಿಲಿಗೆ ಒಳಗಿನ ನೆರಳು ಹೊರಗೆ ಕಾಣುತ್ತದೆ, ಗಾಳಿಗೆ ಹಾರುತ್ತದೆ. ಅದೇ ಮಧ್ಯಾಹ್ನ ಹುಡುಗಿಯರು ಮನೆಗೆ ಹೋದರು, ಮರಳಲಿಲ್ಲ. ಕಮಳಾಬಾಯಿ ಶಾಲೆಗೇ ಬಂದಳು. “ಹೆಸರ ಕಡದ ಬಿಡ್ರಿ ಬಾಯಿ. ಕಾಲಿಗಿ ಹುಣ್ಣ, ಮ್ಯಾಲ ಮಾನಗೇಡ. ಇಷ್ಟೆಲ್ಲಾ ಆಗಿ ಕಲತ ಏನ ಮಾಡೂದೈತಿ?” ಮಂಗಳವಾರದವರೆಗೆ ತಡೆಯಿರಿ ಎಂದು ಬೇಡಿಕೊಂಡೆ. ಮಂಗಳವಾರ ಹೆಸರು ತೆಗೆಸಲು ಬರುತ್ತಾಳೆ.

ನೀವು ನನ್ನಿಂದ ಕ್ಷಮೆ ನಿರೀಕ್ಷಿಸುತ್ತಿರಬಹುದು. ಕೇಳುವುದಿಲ್ಲ, ಕಾಕಾ. ಆ ಪರದೆ ಇನ್ನೊಮ್ಮೆ ನನ್ನ ಕೈಗೆ ಬಂದರೆ ಇನ್ನೊಮ್ಮೆ ಅಲ್ಲೇ ಕಟ್ಟುತ್ತೇನೆ.

ಉಜ್ವಲಾ


ಸೊಲ್ಲಾಪುರ
12 ಆಗಸ್ಟ್ 2024, ಸೋಮವಾರ

ಉಜ್ವಲಾ,

ಈ ಪತ್ರ ಅಂಚೆಗೆ ಬೀಳುವುದಿಲ್ಲ. ಅಂಚೆಗೆ ಅಷ್ಟು ವೇಗವಿಲ್ಲ. ಇಂದು ಸಂಜೆಯ ಬಸ್ಸಿನ ಕಂಡಕ್ಟರನ ಕೈಯಲ್ಲೇ ಕಳಿಸುತ್ತೇನೆ.

ಪರದೆ ಬಂತು. ಅಂಗಡಿಯ ನಡುವೆ ಹಾಸಿ ಬಿಚ್ಚಿದೆ. ಕಮಾನಿನ ಎರಡೂ ಅಂಚಿನಲ್ಲಿ ಬಣ್ಣ ಕಲಸಿಹೋಗಿತ್ತು. ಯೋಗಿರಾಜ ಬಗ್ಗಿ ನೋಡಿದ: “ಹಾಳ ಮಾಡ್ಯಾರಲ್ಲ ಕಾಕಾ!” ನನ್ನ ಎದೆಯೊಳಗೂ ಅದೇ ಕೂಗು ಎದ್ದಿತು. ಕನ್ನಡಕ ಹಾಕಿಕೊಂಡು ನೋಡಿದೆ. ಬೆರಳುಗಳು. ಸಣ್ಣ ಸಣ್ಣ ಬೆರಳುಗಳ ಗುರುತು, ಒಂದರ ಮೇಲೊಂದು, ನೀಲಿಯಲ್ಲಿ ಮುಳುಗಿ ಎದ್ದಂತೆ. ಅದು ನೀರಿನಲ್ಲಿ ಕಲಸಿ ಹಚ್ಚಿದ ಬಣ್ಣ ಉಜ್ವಲಾ, ಒಣ ಕೈಗೆ ಬಿಡುವುದಿಲ್ಲ. ಹೊರಗೆ ಬರುವ ಪ್ರತಿಯೊಬ್ಬಳ ಕೈಯೂ ಒದ್ದೆಯಾಗಿತ್ತು! ಮೂಗು ಹತ್ತಿರ ಒಯ್ದೆ. ಸಾಬೂನು. ನನ್ನ ಕೊಳಕಾಸುರ ಬಾಯಿ ಬಡಿದುಕೊಂಡು ಹೇಳಬೇಕಾದದ್ದನ್ನು ಅವರು ಸದ್ದಿಲ್ಲದೆ ಮಾಡಿ ಮುಗಿಸಿದ್ದರು.

ಆ ಪರದೆಯ ಮೇಲೇ ಒರಗಿದೆ. ನಿದ್ದೆ ಬಂತು. ತೋಟದಲ್ಲಿ ಹುಲ್ಲು ತಣ್ಣಗಿತ್ತು. ಕಮಾನಿನ ಅಂಚಿನ ಕೆಳಗೆ ನಂದಾಳ ಪಾದಗಳು ಕಂಡವು. ರಂಗಕ್ಕೆ ಬರುವ ಮುಂಚೆ ನಾನು ದಿನವೂ ನೋಡುತ್ತಿದ್ದದ್ದು ಅವನ್ನೇ. “ಹೊರಗ ಬಾ” ಎಂದೆ. ಅವಳು ಒಳಗಿಂದಲೇ ನಕ್ಕಳು. “ತಡೀರಿ ರಾಜಾ. ಮೊದಲನೇ ಪರದಿ ನಮದು. ಎರಡನೇದು ನಿಮದು.”

ಎದ್ದು ಕುಳಿತೆ. ಇದು ಕನಸಿನ ಮಾತಲ್ಲ, ಅವಳು ನಿಜವಾಗಿ ಆಡುತ್ತಿದ್ದ ಮಾತು. ಕಂಪನಿ ಯಾವ ಊರಲ್ಲಿ ಇಳಿದರೂ ರಂಗದ ಕಂಬ ಏಳುವ ಮುಂಚೆ ಹಿತ್ತಲಲ್ಲಿ ಹೆಂಗಸರ ದೇಹಬಾಧೆಗೆ ಮರೆಯಾಗಿ ಒಂದು ಪರದೆ ಕಟ್ಟಲೇಬೇಕು. ಅದು ಏಳದೆ ನಂದಾ ವೇಷದ ಪೆಟ್ಟಿಗೆಯ ಬೀಗ ತೆಗೆಯುತ್ತಿರಲಿಲ್ಲ. ಮಾಲೀಕ ಕೂಗಾಡಲಿ, ಟಿಕೆಟ್ಟು ಮಾರಿ ಹೋಗಿರಲಿ! ನಿನ್ನ ಅಪ್ಪನೂ ನಾನೂ ಗೂಟ ಬಡಿಯುತ್ತಿದ್ದೆವು. ಮಗಳೇ, ನೀನು ಕಂಪನಿಯ ಕಾಯಿದೆ ಮುರಿಯಲಿಲ್ಲ. ನಡೆಸಿದೆ.

ಇನ್ನು ಚಪ್ಪಲಿಯ ಮಾತು. ಅದನ್ನು ಸಭೆಯಲ್ಲಿ ಹೇಳಬೇಕು. ಈ ಸಲ ಓದುವ ಕೆಲಸ ನಿನ್ನದಲ್ಲ, ನಾನೇ ಬಂದು ಓದುತ್ತೇನೆ. ಇಕೋ, ಬರೆದುಕೊಂಡಿದ್ದೇನೆ:

“ಮಕ್ಕಳೇ! ಸಂಡಾಸ! ಕೇಳಿಸಿತೇ? ಯಾರು ನಕ್ಕವರು? ಇನ್ನೊಮ್ಮೆ, ದೂರದ ಹೋಟಗಿ ರೈಲ್ವೆ ಸ್ಟೇಷನ್ನಿಗೂ ಕೇಳಿಸುವಂತೆ: ಸಂಡಾಸ! ನಿಮ್ಮ ಉಜ್ವಲಾಬಾಯಿ ಬರೆಯಲು ನಾಚಿದ ಮಾತು, ನಾನು ತಿಳಿಯದೆ ಹೋದ ಮಾತು. ರಾಜನೂ ಹೋಗುತ್ತಾನೆ, ಅಸುರನೂ ಹೋಗುತ್ತಾನೆ. ರಾಣಿ ಹೋದರೆ ಸೀಟಿ ಹೊಡೆಯುವವನು ಯಾರು? ಅವನು ಎದ್ದು ನಿಲ್ಲುವುದು ಬೇಡ, ತಲೆ ತಗ್ಗಿಸಿದರೆ ಸಾಕು. ಇನ್ನು ರಾಣಿಯರೇ, ನಿಯಮವನ್ನು ನಾನು ಅರ್ಧ ಹೇಳಿದ್ದೆ. ರಂಗದ ಹೊರಗೆ ಬಿಡಬೇಕಾದದ್ದು ಬೀದಿಯ ಚಪ್ಪಲಿ. ರಾಜ ರಂಗದ ಮೇಲೆ ಬರಿಗಾಲಲ್ಲಿ ನಿಂತದ್ದುಂಟೇ? ಪಾತ್ರದ ಜೋಡು ಬೇರೆ, ಅದು ರಂಗ ಬಿಟ್ಟು ಕದಲುವುದಿಲ್ಲ. ಆದ್ದರಿಂದ ಕಮಾನಿನೊಳಗೆ ಸದಾ ರಬ್ಬರಿನ ಜೋಡುಗಳಿರುತ್ತವೆ. ಅವು ಹೊರಗೆ ಬರಕೂಡದು, ಅವಿಲ್ಲದೆ ಯಾರೂ ಒಳಗೆ ಹೋಗಕೂಡದು. ಇದು ಪೂರ್ತಿ ನಿಯಮ.”

ಹೇಗಿದೆ?

ಆದರೆ ಪರದೆ ಪರದೆಯೇ, ಗಾಳಿಗೆ ಅದು ಮಾತು ಕೊಡಲಾರದು. ಇಂದು ಪೇಟೆಗೆ ಹೋಗಿ ಗಟ್ಟಿ ಬಾಗಿಲೊಂದನ್ನು ತಂದೆ. ಒಳಗಿನಿಂದ ಕಬ್ಬಿಣದ ಚಿಲಕ. ಬಡಿಗೇರ ರಾಚಪ್ಪ ಜೊತೆಗೆ ಬರುತ್ತಾನೆ. ಯೋಗಿರಾಜ ಹೊಟ್ಟೆ ಹಿಡಿದು ನಗುತ್ತಿದ್ದಾನೆ: “ಬಸ್ಸಿನ ಟಪ್ಪಿನ ಮ್ಯಾಲ ಬಾಗಿಲಾ, ಬಾಗಿಲದ ಮ್ಯಾಲ ಅರಮನಿ, ಕೆಳಗ ಕಾಕಾ! ಮದಿವಿ ವರಾತ ಹೊಂಟಂಗ ಆತಲ್ಲ!” ನಗಲಿ. ಜೋಡುಗಳನ್ನು ಆರಿಸಿ ತಂದವನು ಅವನೇ.

ನಾಳೆ ಮುಂಜಾನೆ ಅಕ್ಕಲಕೋಟದ ಮೊದಲ ಬಸ್ಸು ಹಿಡಿಯುತ್ತೇನೆ. ಶಾಲೆಯ ಗಂಟೆ ಬಾರಿಸುವ ಮುಂಚೆ ರಾಚಪ್ಪ ಬಾಗಿಲು ಕೂಡಿಸುತ್ತಾನೆ, ಅದರ ಮುಂದೆ ನಾನು ಪರದೆ ಕಟ್ಟುತ್ತೇನೆ. ಆಮೇಲೆ ಕಮಳಾಬಾಯಿಯ ಮನೆಯ ಮುಂದೆ ನಿಂತು ಓಣಿಗೆಲ್ಲ ಕೇಳುವಂತೆ ಅವಳನ್ನು ಕರೆಯುತ್ತೇನೆ. ಹೆಸರು ತೆಗೆಸುವ ಮುಂಚೆ ಅವಳೇ ಒಳಗೆ ಹೋಗಲಿ, ಜೋಡು ಮೆಟ್ಟಲಿ, ಚಿಲಕ ಹಾಕಿ ಜಗ್ಗಿ ನೋಡಲಿ. ನಾನು ಬಯಲಿನ ಕಡೆ ಮುಖ ಮಾಡಿ, ಅರಮನೆಗೆ ಬೆನ್ನು ಕೊಟ್ಟು ನಿಂತಿರುತ್ತೇನೆ. ಚಿಲಕ ಬಿದ್ದ ಸದ್ದು ನನ್ನ ಮಂದ ಕಿವಿಗೆ ಕೇಳಿಸದು. ನೀನು ಎದುರಿಗೆ ಬಂದು ಕೈ ಎತ್ತು.

ಮಲಕಾಜಪ್ಪ